ಆಯಿತು ಎನ್ನುವ ಊರು

ಆ ಊರಿಗೆ ದಾರಿ ಕೇಳಿಕೊಂಡು ಯಾರೂ ಹೋಗುವುದಿಲ್ಲ. ದಾರಿ ತಪ್ಪಿದವರು ಮಾತ್ರ ಹೋಗಿ ತಲುಪುತ್ತಾರೆ. ಊರ ನಡುವೆ ಒಂದು ದಿಣ್ಣೆ, ದಿಣ್ಣೆಯ ಮೇಲೆ ಒಡೆಯನ ಮನೆ. ಆ ಮನೆಯ ಒಲೆ ಆರಿದ್ದನ್ನು ಕಂಡವರಿಲ್ಲ. ಆ ಮನೆಯ ಬಾಗಿಲು ಮುಚ್ಚಿದ್ದನ್ನು ಕಂಡವರಿಲ್ಲ. ಬೆಳಗಾದರೆ ಅಲ್ಲಿ ಕಾಳು ಬಡಿಯುವ ಸದ್ದು, ಹೊತ್ತು ಏರಿದರೆ ಬೀಸುವ ಸದ್ದು, ಹೊತ್ತು ಇಳಿದರೆ ರೊಟ್ಟಿ ತಟ್ಟುವ ಸದ್ದು. ಆಮೇಲೆ ಗಂಟೆ. ಗಂಟೆ ಬಾರಿಸಿದ ಕೂಡಲೇ ಊರಿಗೆ ಊರೇ ಕೈಕಾಲು ತೊಳೆದು, ಒಗೆದ ಬಟ್ಟೆ ಉಟ್ಟು, ದಿಣ್ಣೆ ಹತ್ತುತ್ತದೆ. ಉದ್ದನೆಯ ಪಡಸಾಲೆಯಲ್ಲಿ ಸಾಲಾಗಿ ಕೂರುತ್ತದೆ. ಒಬ್ಬೊಬ್ಬರ ಮುಂದೆಯೂ ಬಾಳೆಯೆಲೆ, ಎಲೆಯ ಮೇಲೆ ಚಿಮುಕಿಸಿದ ನೀರು. ಒಡೆಯನು ಸೊಂಟಕ್ಕೆ ಟವೆಲು ಸುತ್ತಿಕೊಂಡು, ಬಡಿಸುವ ಪಾತ್ರೆ ಹಿಡಿದು, ತಾನೇ ಹೊರಗೆ ಬರುತ್ತಾನೆ. ಬಂದು ಕೇಳುತ್ತಾನೆ:

"ಊಟ ಆಯಿತೆ?"

ಊರು ಒಂದೇ ಕೊರಳಲ್ಲಿ ಹೇಳುತ್ತದೆ:

"ಆಯಿತು ಒಡೆಯಾ, ನಿನ್ನ ದಯೆ, ಹೊಟ್ಟೆ ತುಂಬಿತು."

ಹೇಳಿ, ಒಂದು ಅಗುಳೂ ಬೀಳದ ಎಲೆಯನ್ನು ಉಂಡವರ ಹಾಗೆ ತಮ್ಮ ಕಡೆಗೆ ಮಡಿಚಿ, ಎದ್ದು, ಕೈ ತೊಳೆದು, ಮನೆಗೆ ಹೋಗುತ್ತದೆ. ಎಂಜಲಾಗದ ಕೈಯನ್ನು ತಿಕ್ಕಿ ತಿಕ್ಕಿ ತೊಳೆಯುವುದರಲ್ಲಿ ಆ ಊರಿನವರಷ್ಟು ಪಳಗಿದವರು ಬೇರೆಲ್ಲೂ ಸಿಗಲಾರರು.

ಇದು ಆ ಊರಿನ ಕಟ್ಟಳೆ. ಒಡೆಯನ ಪಂಕ್ತಿಯಲ್ಲಿ ಕೂತವರು "ಇಲ್ಲ" ಎನ್ನಬಾರದು. "ಇಲ್ಲ" ಎಂದರೆ ಒಡೆಯ ಕೊಟ್ಟಿಲ್ಲವೆಂದು ದೂರಿದ ಹಾಗೆ. "ಆಯಿತು" ಎಂದರೆ ಒಡೆಯನನ್ನು ಹೊಗಳಿದ ಹಾಗೆ. ಹೊಗಳಿ ಹೊಗಳಿ ಊರಿನವರ ಕೆನ್ನೆ ಒಳಕ್ಕೆ ಹೋಗಿತ್ತು, ಕೊರಳೆಲುಬು ಎದ್ದಿತ್ತು, ಮಕ್ಕಳ ಕೂದಲು ಕೆಂಚಾಗಿತ್ತು. ಆದರೂ ಕಟ್ಟಳೆ ಕಟ್ಟಳೆಯೇ. ಅವನು ಇವತ್ತೂ ಕೇಳಿದ, ಇವರು ಇವತ್ತೂ ಆಯಿತು ಎಂದರು. ಅವನು ನಾಳೆಯೂ ಕೇಳುವನು, ಇವರು ನಾಳೆಯೂ ಆಯಿತು ಎನ್ನುವರು. ಕೇಳುವವನಿಗೆ ಬೇಸರವಿಲ್ಲ, ಹೇಳುವವರಿಗೆ ನಾಚಿಕೆಯಿಲ್ಲ. ನಡುವೆ ರೊಟ್ಟಿ ಮಾತ್ರ ಆರಿ ತಣ್ಣಗಾಗುತ್ತಿತ್ತು. ಇಂಥವರನ್ನು ಏನು ಮಾಡಬೇಕು, ನೀವೇ ಹೇಳಿ.

ಮತ್ತೆ ಬದುಕುವುದು ಹೇಗೆ ಎನ್ನುತ್ತೀರೇನೋ. ಒಡೆಯನ ಮನೆಯ ಹಿಂದೆ ಕಣವಿತ್ತು. ಅಲ್ಲಿ ಕಾಳು ತೂರಿದಾಗ ಹಾರಿದ ಹೊಟ್ಟು ಬೇಲಿಯಾಚೆ ಗುಡ್ಡೆ ಬೀಳುತ್ತಿತ್ತು. ಬೆಳಕು ಹರಿಯುವ ಮುಂಚೆ ಹೆಂಗಸರು ಕೇರುವ ಮೊರ ಹಿಡಿದು ಅಲ್ಲಿಗೆ ಹೋಗಿ ಹೊಟ್ಟು ತುಂಬಿಕೊಂಡು ಬರುತ್ತಿದ್ದರು. ಎದುರಿಗೆ ಸಿಕ್ಕವರು "ಏನಮ್ಮ, ಇಷ್ಟು ಬೇಗ?" ಎಂದರೆ "ದನಕ್ಕೆ" ಎನ್ನುತ್ತಿದ್ದರು. ಊರಲ್ಲಿ ದನವಿರಲಿ, ಒಂದು ಕರುವೂ ಇರಲಿಲ್ಲ. ಕೇಳಿದವಳ ಕಂಕುಳಲ್ಲೂ ಒಂದು ಮೊರ ಇರುತ್ತಿತ್ತು. ಮನೆಗೆ ಬಂದು, ಅಗುಳಿ ಹಾಕಿ, ಆ ಹೊಟ್ಟನ್ನು ನೀರಲ್ಲಿ ಕುದಿಸಿ, ಸೋಸಿ ಕುಡಿಯುತ್ತಿದ್ದರು. ಕಾಳು ಮೇಲಿನ ಮನೆಯಲ್ಲಿ ಬೆಂದು ಕಾಯುತ್ತಿತ್ತು. ಹೊಟ್ಟು ಇವರ ಗಂಟಲಲ್ಲಿ ಇಳಿಯುತ್ತಿತ್ತು.

ಹೊಟ್ಟೆಗೆ ತಣ್ಣೀರು ಬಟ್ಟೆ ಎನ್ನುವುದು ಬೇರೆ ಊರುಗಳಲ್ಲಿ ಬರಿಯ ಮಾತು. ಇಲ್ಲಿ ನಿಜವಾಗಿಯೂ ಕಟ್ಟುತ್ತಿದ್ದರು. ಬಟ್ಟೆಯನ್ನು ನಾಲ್ಕಾರು ಮಡಿಕೆ ಮಾಡಿ, ತಣ್ಣೀರಲ್ಲಿ ಅದ್ದಿ, ಹಿಂಡಿ, ಸೀರೆಯ ಒಳಗೋ ಪಂಚೆಯ ಒಳಗೋ ಬಿಗಿದರೆ ಹಸಿವೂ ಕೊಂಚ ಮಂಕಾಗುತ್ತದೆ, ಹೊಟ್ಟೆಯೂ ತುಂಬಿದ ಹಾಗೆ ಉಬ್ಬಿ ಕಾಣುತ್ತದೆ. ಎಷ್ಟು ಮಡಿಕೆಯೋ ಅಷ್ಟು ಮರ್ಯಾದೆ.

ಎಲ್ಲರಿಗಿಂತ ದಪ್ಪ ಬಟ್ಟೆ ಕಟ್ಟುತ್ತಿದ್ದವಳು ಉತ್ತರದಮ್ಮ.

ಪಂಕ್ತಿಯ ಮೊದಲ ಎಲೆ ಅವಳದ್ದು. ಒಡೆಯ ಕೇಳಿದೊಡನೆ ಮೊದಲ "ಆಯಿತು" ಅವಳ ಬಾಯಿಂದ ಬರಬೇಕು. ಅವಳು ಎತ್ತಿಕೊಟ್ಟ ಮೇಲೆ ಉಳಿದವರು ದನಿಗೂಡಿಸಬೇಕು. ಅವಳ ಅವ್ವನೂ ಉತ್ತರದಮ್ಮನೇ, ಅಜ್ಜಿಯೂ ಉತ್ತರದಮ್ಮನೇ. ಅವಳ ಕಂಠ ದಿಣ್ಣೆ ಇಳಿದು ಊರ ಬಾಗಿಲಿನವರೆಗೆ ಕೇಳಿಸುತ್ತಿತ್ತು. ಅಷ್ಟು ಒಳ್ಳೆಯ ಕಂಠವಿದ್ದೂ ಅವಳಿಗೆ ಒಂದು ದಿನವೂ ನೆಮ್ಮದಿಯಿರಲಿಲ್ಲ, ಏಕೆಂದರೆ ಊರಿನವರು ಸರಿಯಾಗಿ ಹೇಳುತ್ತಿರಲಿಲ್ಲ. ಒಬ್ಬ ಎಳೆಯುತ್ತಿದ್ದ, ಒಬ್ಬಳು ನುಂಗುತ್ತಿದ್ದಳು. ಉತ್ತರ ಹೇಳುವ ಹೊತ್ತಿಗೇ ಯಾರದ್ದಾದರೂ ಹೊಟ್ಟೆ ಗುರ್ರ್ ಎನ್ನುತ್ತಿತ್ತು. "ಹೊಟ್ಟೆ ಗುರುಗುಟ್ಟಿದರೆ ಕೆಮ್ಮಬೇಕು ಅಂತ ಎಷ್ಟು ಸಲ ಬಡ್ಕೊಳ್ಳಲಿ?" ಎಂದು ಅವಳು ಇಳಿಯುವ ದಾರಿಯುದ್ದಕ್ಕೂ ಗದರುತ್ತಿದ್ದಳು. ಹಾಗಾಗಿ ಆ ಪಂಕ್ತಿಯಲ್ಲಿ ಉತ್ತರಕ್ಕಿಂತ ಕೆಮ್ಮೇ ಹೆಚ್ಚಾಗಿ ಕೇಳಿಸುತ್ತಿತ್ತು.

ಅದಕ್ಕಿಂತ ಹೆಚ್ಚು ಮೈ ಉರಿಸುತ್ತಿದ್ದವರು ದಾರಿಹೋಕರು. ಕಟ್ಟಳೆ ತಿಳಿಯದ ಈ ಅಲೆಮಾರಿಗಳು ಗಂಟೆ ಕೇಳಿ ಮೇಲೆ ಬರುತ್ತಿದ್ದರು. ಒಡೆಯ ಕೇಳಿದರೆ "ಇಲ್ಲ ಸ್ವಾಮಿ, ಹೊಟ್ಟೆ ಚುರುಗುಟ್ತಿದೆ" ಎಂದುಬಿಡುತ್ತಿದ್ದರು. ಒಡೆಯ ಅಲ್ಲೇ ಕೂತು ಬಡಿಸುತ್ತಿದ್ದ. ಊರಿನವರಿಗೆ ಅದನ್ನು ನೋಡಲಾಗದೆ ಪಡಸಾಲೆಯ ತುದಿಯಲ್ಲಿ ಒಂದು ಬಿದಿರಿನ ತಡಿಕೆ ಕಟ್ಟಿ, ದಾರಿಹೋಕರನ್ನು ಅದರ ಹಿಂದೆ ಕೂರಿಸಿದರು. ನೋಡುವುದು ತಪ್ಪಿತು, ಸೊರ್ ಸೊರ್ ಎಂದು ಸಾರು ಹೀರುವ ಸದ್ದು ತಪ್ಪಲಿಲ್ಲ. "ನಾಚಿಕೆಗೆಟ್ಟವು," ಎನ್ನುತ್ತಿದ್ದಳು ಉತ್ತರದಮ್ಮ, ಬಾಯಲ್ಲಿ ಊರಿದ ನೀರನ್ನು ನುಂಗಿಕೊಂಡು.

ಹೀಗಿರುವಾಗ ಅವಳ ಮಗಳು ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಹುಟ್ಟಿದ ಕೆಲವು ದಿನಕ್ಕೇ ತಾಯಿಯ ಎದೆ ಬತ್ತಿತು. ಕೂಸು ಅಳುವುದಕ್ಕೆ ಶುರುಮಾಡಿತು.

ಆ ಅಳು ಉತ್ತರದಮ್ಮನ ಮನೆಯಿಂದ ಬೀದಿಗೆ ಬೀಳುತ್ತಿತ್ತು. ಬೀದಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು, ಕೆಮ್ಮಿ, ಮುಂದೆ ಹೋಗುತ್ತಿದ್ದರು.

"ಬಾಯಿ ಮುಚ್ಚಿಸೇ ಅದರದ್ದು," ಎಂದಳು ಉತ್ತರದಮ್ಮ. "ಊರಿಗೆಲ್ಲ ಉತ್ತರ ಹೇಳಿಕೊಡೋ ಮನೇಲಿ ಇದೇನು ಗೋಳು?"

"ಹಾಲಿಲ್ಲ ಅವ್ವ. ಹಿಂಡಿದರೂ ಬರ್ತಾ ಇಲ್ಲ."

"ಹೊಟ್ಟಿನ ಗಂಜಿ ಇನ್ನೊಂದು ಲೋಟ ಕುಡಿ. ಬಟ್ಟೆ ತೋಯಿಸಿ ಕೊಡ್ತೀನಿ, ಬಿಗಿದು ಕಟ್ಕೋ. ಸಂಕಟ ತಗ್ಗುತ್ತೆ."

"ಹಸಿ ಬಾಣಂತಿ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ತಾರೇನವ್ವ?"

"ನನಗೆ ನಮ್ಮವ್ವ ಕಟ್ಟಿರಲಿಲ್ವ? ಸತ್ತುಹೋದ್ನ ನಾನು?"

"ನೀನು ಸಾಯಲಿಲ್ಲ," ಎಂದಳು ಮಗಳು. "ನನಗಿಂತ ಮುಂಚೆ ಹುಟ್ಟಿದ ಅಣ್ಣ ಏನಾದ?"

ಉತ್ತರದಮ್ಮ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು. ನೀರು ಎಂದೋ ಮುಗಿದಿತ್ತು. ಆ ಮನೆಯಲ್ಲಿ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ.

"ಅವ್ವ, ನಾನೇ ಮೇಲೆ ಹೋಗಿ 'ಇಲ್ಲ' ಅಂತ ಹೇಳ್ತೀನಿ. ಒಂದೇ ಸಲ. ತಡಿಕೆ ಹಿಂದೆ ಕೂತು ಹೇಳ್ತೀನಿ, ಯಾರಿಗೂ ಕಾಣಿಸಲ್ಲ."

"ತಡಿಕೆ ಹಿಂದೆ ಕೂರ್ತಾಳಂತೆ! ನನ್ನ ಮಗಳು! ಹಂಗೇನಾದ್ರೂ ಮಾಡಿದ್ರೆ ನಾನು ಬಾವಿಗೆ ಬೀಳ್ತೀನಿ ನೋಡು. ಬಾಯಿ ಬಿಟ್ರೆ ಬಣ್ಣಗೇಡು. ಸುಮ್ಮನಿರು, ನಾನು ಏನಾದ್ರೂ ಮಾಡ್ತೀನಿ."

ಏನಾದರೂ ಮಾಡುತ್ತೇನೆ ಎಂದವಳು ಬಟ್ಟಲು ಹಿಡಿದು ನೆರೆಮನೆಗೆ ಹೋದಳು. ನೆರೆಮನೆಯಾಕೆ ಬಾಗಿಲ ಸಂದಿಯಲ್ಲೇ ನಿಂತು, ಉಬ್ಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ಉತ್ತರದಮ್ಮ, ಒಡೆಯನ ದಯೆ ಕಣಮ್ಮ, ನಮ್ಮನೇಲಿ ತುಂಬಿ ತುಳುಕ್ತಿದೆ!" ಎಂದಳು.

"ಸಂತೋಷ ತಾಯಿ. ಹಂಗಾದ್ರೆ ಬಾಣಂತಿಗೆ ಅಂತ ಒಂದು ತುತ್ತು ಅನ್ನ ಕೊಡು."

ನೆರೆಮನೆಯಾಕೆಯ ಮುಖ ಸಪ್ಪಗಾಯಿತು. "ತುಳುಕ್ತಿದೆ, ನಿಜ. ಆದ್ರೆ ಈಗ ತಾನೆ ಪಾತ್ರೆ ತೊಳೆದಿಟ್ಟೆ ನೋಡು," ಎಂದಳು.

ಇನ್ನೊಂದು ಮನೆಗೆ ಹೋದಳು. ಅಲ್ಲೂ ತುಂಬಿತ್ತು, ಅಲ್ಲೂ ಪಾತ್ರೆ ತೊಳೆದಿದ್ದರು. ಮತ್ತೊಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ತಮಗೆ ಹೇಗೆ ತೃಪ್ತಿಯಾಯಿತು, ಒಡೆಯನು ತಮ್ಮನ್ನು ಹೇಗೆ ಕೊರತೆಯಿಲ್ಲದೆ ನಡೆಸಿದ ಎಂದು ಬಹಳ ಹೊತ್ತು ಹೇಳಿದರು; ಹೇಳುವಾಗ ಗಂಡ ಗೋಡೆ ಹಿಡಿದುಕೊಂಡಿದ್ದ, ಏಕೆಂದರೆ ಅವನಿಗೆ ನಿಲ್ಲಲು ಆಗುತ್ತಿರಲಿಲ್ಲ. ಊರೆಲ್ಲ ತಿರುಗಿದರೂ ತುಂಬದ ಮನೆ ಒಂದೂ ಇರಲಿಲ್ಲ, ತುತ್ತು ಸಿಗುವ ಮನೆಯೂ ಒಂದೂ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಉತ್ತರದಮ್ಮನಿಗೆ ರೇಗಿಹೋಯಿತು. ಯಾರ ಮೇಲೆ ರೇಗಬೇಕು? ಒಬ್ಬೊಬ್ಬರೂ ಹೇಳಿದ್ದು ಅವಳು ಕಲಿಸಿದ ಮಾತನ್ನೇ, ಅವಳು ಕಲಿಸಿದ ರಾಗದಲ್ಲೇ.

ಕೊನೆಗೆ ಊರ ಹಿರಿಯನ ಬಳಿಗೆ ಹೋದಳು. ಕಟ್ಟಳೆಯ ವಿಷಯದಲ್ಲಿ ಅವನ ಮಾತೇ ಕಡೆಯ ಮಾತು. ಹಿರಿಯ ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದ.

"ಕೂಸಿಗೆ ಹಾಲಿಲ್ಲ ಅಜ್ಜ. ದಾರಿ ಹೇಳಿ."

"ಹಾಲಿಲ್ಲ ಅನ್ನಬೇಡ," ಎಂದ ಹಿರಿಯ. "ಹಂಗೆ ಅಂದ್ರೆ ಬರೋದೂ ನಿಂತುಹೋಗುತ್ತೆ. ಆಯಿತು ಅನ್ನು. ಗಟ್ಟಿಯಾಗಿ ಅನ್ನು. ನಾಲಿಗೆ ನೂರು ಸಲ ಹೇಳಿದ್ರೆ ಹೊಟ್ಟೆ ನಂಬುತ್ತೆ."

"ನಾನು ಹೇಳ್ತೀನಿ ಅಜ್ಜ. ನನ್ನಷ್ಟು ಗಟ್ಟಿಯಾಗಿ ಹೇಳೋರು ಯಾರಿದ್ದಾರೆ? ಕೂಸಿಗೆ ಏನು ಮಾಡ್ಲಿ?"

"ಕೂಸಿಗೂ ಕಲಿಸು."

"ಹುಟ್ಟಿ ಇನ್ನೂ ಕಣ್ಣು ನೆಟ್ಟಗೆ ಬಿಟ್ಟಿಲ್ಲ ಅದು!"

"ಬೇಗ ಕಲಿಸಿದಷ್ಟೂ ಒಳ್ಳೇದು," ಎಂದು ಹಿರಿಯ ಮತ್ತೆ ಕಣ್ಣು ಮುಚ್ಚಿದ. ಅವನ ಹೊಟ್ಟೆ ಗುರ್ರ್ ಎಂದಿತು. ಅವನು ಕೆಮ್ಮಿದ.

ಆ ಸಂಜೆ ಉತ್ತರದಮ್ಮ ಎಂದಿಗಿಂತ ಗಟ್ಟಿಯಾಗಿ "ಆಯಿತು" ಎಂದಳು. ಪಡಸಾಲೆಯ ಹಂಚು ನಡುಗಿತು. ಒಡೆಯ ಅವಳ ಎಲೆಯ ಮುಂದೆ ಪಾತ್ರೆ ಹಿಡಿದು ಬಹಳ ಹೊತ್ತು ನಿಂತಿದ್ದ. ಅವಳು ತಲೆಯೆತ್ತಲಿಲ್ಲ, ಎಲೆ ಮಡಿಚಿ ಎದ್ದು ಬಂದಳು.

ಮಾರನೆಯ ದಿನ ಹೊತ್ತು ಇಳಿಯುವಾಗ ಕೂಸಿನ ಅಳು ನಿಂತಿತು.

ನೆರೆಮನೆಯಾಕೆ ಓಡಿಬಂದಳು. ಅವಳ ಹಿಂದೆ ಬೀದಿಯ ನಾಲ್ಕು ಜನ ಬಂದರು. ತೊಟ್ಟಿಲಿಗೆ ಬಗ್ಗಿ ನೋಡಿದರು. ಕೂಸು ಕಣ್ಣು ತೆರೆದುಕೊಂಡೇ ಇತ್ತು, ಅಳುತ್ತಿರಲಿಲ್ಲ, ಕೈ ಆಡಿಸುತ್ತಿರಲಿಲ್ಲ. ತುಟಿ ಒಣಗಿ ಬಿರಿದಿತ್ತು. "ನೋಡಮ್ಮ ನೋಡು!" ಎಂದು ನೆರೆಮನೆಯಾಕೆ ಕೈ ಮುಗಿದಳು. "ಎಷ್ಟು ಶಾಂತವಾಗಿದೆ! ನಿಮ್ಮ ಮನೆತನದ ಕೂಸಲ್ವ? ಇದಕ್ಕೂ ಆಯಿತು!"

"ಇದಕ್ಕೂ ಆಯಿತು," ಎಂದರು ಉಳಿದವರು, ಮೆಲ್ಲಗೆ, ಸಂತೋಷದಿಂದ.

ಉತ್ತರದಮ್ಮನಿಗೆ ಈ ಮೌನದ ಪರಿಚಯವಿತ್ತು. ಮಗಳಿಗಿಂತ ಮುಂಚೆ ಹುಟ್ಟಿದ್ದ ಗಂಡುಕೂಸೂ ಹೀಗೆಯೇ ಒಂದು ಸಂಜೆ ಸುಮ್ಮನಾಗಿತ್ತು. ಅವತ್ತೂ ಊರು ಬಂದು ಕೈ ಮುಗಿದಿತ್ತು. ಅವತ್ತೂ "ಇದಕ್ಕೂ ಆಯಿತು" ಎಂದಿತ್ತು. ಅವಳೂ ಎಂದಿದ್ದಳು. ಬೆಳಗಾಗುವಷ್ಟರಲ್ಲಿ ಕೂಸು ತಣ್ಣಗಾಗಿತ್ತು, ಮಾರನೆಯ ಸಂಜೆ ಅವಳು ಒಡೆಯನ ಮನೆಯಲ್ಲಿ ಎಂದಿನಂತೆ ಉತ್ತರ ಎತ್ತಿಕೊಟ್ಟಿದ್ದಳು. ಊರು ಅವಳ ಗಟ್ಟಿತನವನ್ನು ಹೊಗಳಿತ್ತು. ಉತ್ತರದಮ್ಮ ತೊಟ್ಟಿಲಿಗೆ ಅಡ್ಡ ನಿಂತಳು.

"ಎಲ್ಲರೂ ಹೊರಗೆ ನಡೀರಿ," ಎಂದಳು. "ನಡೀರಿ ಅಂದೆ! ಆಯಿತಂತೆ ಆಯಿತು. ನಿಮ್ಮ ತಲೆ!"

ಅಷ್ಟರಲ್ಲಿ ಮೇಲೆ ಗಂಟೆ ಬಾರಿಸಿತು. ಉತ್ತರದಮ್ಮ ಹೊಟ್ಟೆಗೆ ಕಟ್ಟಿದ್ದ ಒದ್ದೆ ಬಟ್ಟೆಯನ್ನು ಬಿಚ್ಚಿ ಹಿತ್ತಲಿಗೆ ಎಸೆದಳು. ಕೂಸನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಳು. ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. "ನಡಿ," ಎಂದಳು.

"ತಡಿಕೆ ಹಿಂದಕ್ಕಾ ಅವ್ವ?"

"ಮೊದಲ ಎಲೆಗೆ."

ದಾರಿಯಲ್ಲಿ ಜನ ನೋಡಿದರು. ಉತ್ತರದಮ್ಮನ ಹೊಟ್ಟೆ ಬೆನ್ನಿಗೆ ಅಂಟಿಕೊಂಡಿತ್ತು. ಅಷ್ಟು ದಿನ ಅದು ಹಾಗೇ ಇತ್ತೆಂದು ಊರಿಗೆ ಅವತ್ತೇ ಕಂಡದ್ದು. ಪಡಸಾಲೆ ತುಂಬಿತು. ಎಲೆಗಳ ಮೇಲೆ ನೀರು ಚಿಮುಕಿಸಿತ್ತು. ಒಡೆಯ ಸೊಂಟಕ್ಕೆ ಟವೆಲು ಸುತ್ತಿಕೊಂಡು ಹೊರಗೆ ಬಂದ. ರೊಟ್ಟಿಯ ಹಬೆ ಅವನ ಮುಂದೆ ಮುಂದೆ ಬಂತು.

"ಊಟ ಆಯಿತೆ?"

ಊರು ಬಾಯಿ ತೆರೆದು ಉತ್ತರದಮ್ಮನ ಕಡೆ ನೋಡಿತು. ಉತ್ತರದಮ್ಮ ಬಾಯಿ ತೆರೆದಳು. ಹುಟ್ಟಿದಾಗಿನಿಂದ ಹೇಳಿದ ಮಾತು ನಾಲಿಗೆಯ ತುದಿಗೆ ತಾನಾಗಿಯೇ ಬಂದು ಕೂತಿತ್ತು. ಅವಳು ಹಲ್ಲು ಕಚ್ಚಿ ಅದನ್ನು ಹಿಂದಕ್ಕೆ ತಳ್ಳಿದಳು.

"ಇಲ್ಲ," ಎಂದಳು.

ಪಡಸಾಲೆಯಲ್ಲಿ ಕೆಮ್ಮು ಕೂಡ ಕೇಳಿಸಲಿಲ್ಲ.

"ಇಲ್ಲ. ಆಗಿಲ್ಲ. ನನಗೆ ಆಗಿಲ್ಲ, ನನ್ನ ಮಗಳಿಗೆ ಆಗಿಲ್ಲ, ಈ ಕೂಸಿಗೆ ಆಗಿಲ್ಲ. ನಮ್ಮವ್ವನಿಗೂ ಆಗಿರಲಿಲ್ಲ. ನನ್ನ ಗಂಡುಮಗೂಗೆ ಆಗಲೇ ಇಲ್ಲ. ಸುಳ್ಳು ಹೇಳಿದ್ದೀನಿ, ದಿನಾ ಹೇಳಿದ್ದೀನಿ, ಊರಿಗೆಲ್ಲ ಹೇಳಿಕೊಟ್ಟಿದ್ದೀನಿ. ನಿನಗೆ ಗೊತ್ತಿತ್ತು! ಗೊತ್ತಿದ್ದೂ ಪಾತ್ರೆ ಹಿಡ್ಕೊಂಡು ಬಂದು ಊಟ ಆಯಿತೆ ಅಂತ ಕೇಳ್ತೀಯಲ್ಲ, ಕಣ್ಣು ಕಾಣಿಸಲ್ವ ನಿನಗೆ?"

"ಕಾಣಿಸುತ್ತೆ," ಎಂದ ಒಡೆಯ. "ಅದಕ್ಕೇ ದಿನಾ ಕೇಳೋದು."

"ಕೇಳೋದ್ಯಾಕೆ? ಸುಮ್ಮನೆ ಬಡಿಸೋಕೆ ಏನಾಗಿತ್ತು?"

ಒಡೆಯ ಅವಳ ಎಲೆಯ ಮುಂದೆ ಮಂಡಿಯೂರಿ ಕೂತ. "ಬಡಿಸೋಕೆ ಬಂದೆ. ನಿಮ್ಮಜ್ಜಿ ಎಲೆ ಮೇಲೆ ಕೈ ಅಡ್ಡ ಇಟ್ಟಳು. ನಿಮ್ಮವ್ವ ಎಲೆ ಮಡಿಚಿದಳು. ನೀನು ತಲೆಯನ್ನೇ ಎತ್ತಲಿಲ್ಲ. ಬೇಡ ಅನ್ನೋರ ಬಾಯಿಗೆ ತುರುಕಿದ್ರೆ ಅದು ಉಣಿಸಿದ ಹಾಗಲ್ಲ ತಾಯಿ."

"ಹಂಗಾದ್ರೆ ಈ ಹಾಳು ಮಾತು ಶುರುವಾದದ್ದಾದ್ರೂ ಎಲ್ಲಿಂದ?"

"ನಿಮ್ಮಜ್ಜಿಯ ಅಜ್ಜಿ ಒಂದು ದಿನ ಇಲ್ಲಿ ಕೂತು ಹೊಟ್ಟೆ ತುಂಬ ಉಂಡಳು. ಆಯಿತು ಅಂದಳು. ನಿಜವನ್ನೇ ಅಂದಳು. ಮಾರನೇ ದಿನ ನಾನು ಕೇಳಿದಾಗ, ಮುಂಚಿನ ದಿನ ಉಂಡ ಸಂತೋಷಕ್ಕೆ ಮತ್ತೆ ಆಯಿತು ಅಂದಳು. ಅವಳ ಹಿಂದೆ ಎಲ್ಲರೂ ಅಂದರು."

ಅಷ್ಟು ಹೇಳಿ ಅವನು ಎಲೆಗೆ ರೊಟ್ಟಿ ಹಾಕಿದ, ರೊಟ್ಟಿಯ ಮೇಲೆ ತುಪ್ಪ ಬಿಟ್ಟ, ಪಕ್ಕದಲ್ಲಿ ಅನ್ನ ಬಡಿಸಿ ಬೇಳೆಸಾರು ಸುರಿದ. ಬಡಿಸುವ ಅಂಗೈಯ ನಡುವೆ ಹಳೆಯ ಗಾಯವೊಂದು ಮಾಗಿದ ಗುರುತಿತ್ತು. ಉತ್ತರದಮ್ಮ ಅಷ್ಟು ವರ್ಷ ಅದೇ ಪಂಕ್ತಿಯಲ್ಲಿ ಕೂತಿದ್ದರೂ ಆ ಕೈಯನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಅಷ್ಟು ಹೊತ್ತಿಗೆ ಬೆರಗಾಗಿ ಕೂತಿದ್ದ ಹಿರಿಯನಿಗೆ ಎಚ್ಚರವಾಯಿತು. "ಆಯಿತು!" ಎಂದು ಅವನೇ ಎದ್ದು ನಿಂತು ಕೂಗಿದ. "ಎಲ್ಲರೂ ಹೇಳಿ! ಆಯಿತು ಒಡೆಯಾ, ನಿನ್ನ ದಯೆ!" ಊರು ಹೇಳಿತು. ಹೇಳಿದ್ದು ಎಷ್ಟು ಗಟ್ಟಿಯಾಗಿತ್ತೆಂದರೆ ತಡಿಕೆಯ ಹಿಂದಿನ ದಾರಿಹೋಕರು ಸಾರು ಹೀರುವುದನ್ನು ನಿಲ್ಲಿಸಿ ಇಣುಕಿ ನೋಡಿದರು. ಎಲೆಗಳು ಪಟಪಟನೆ ಮಡಿಚಿಕೊಂಡವು. ಊರು ಕೈ ತೊಳೆದು, ಮೂಗು ಮುರಿದು, ದಿಣ್ಣೆ ಇಳಿಯತೊಡಗಿತು.

ಉತ್ತರದಮ್ಮ ತನ್ನ ಎಲೆಯನ್ನು ಮಗಳ ಮುಂದಕ್ಕೆ ಸರಿಸಿದಳು. ಒಡೆಯ ಅದನ್ನು ಹಿಡಿದು ಮತ್ತೆ ಅವಳ ಮುಂದಕ್ಕೇ ತಂದ.

"ಅವಳದ್ದು ಅವಳಿಗಿದೆ. ನಿನ್ನದು ನೀನು ಉಣ್ಣು."

"ನನಗೇನು, ವಯಸ್ಸಾಯಿತು, ನಾನು ಹೆಂಗೋ..."

"ಮತ್ತೆ ಶುರು ಮಾಡಿದೆಯಾ?" ಎಂದ ಒಡೆಯ. ಅವನ ದನಿಯಲ್ಲೂ ಒಂದಿಷ್ಟು ಸಿಟ್ಟಿತ್ತು.

ಅವಳು ಉಂಡಳು. ಮೊದಲ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ಇಳಿಯುವ ದಾರಿ ಅದಕ್ಕೆ ಮರೆತುಹೋಗಿತ್ತು. ಒಡೆಯ ನೀರು ಕೊಟ್ಟ. ಎರಡನೆಯದು ಇಳಿಯಿತು. ಆಮೇಲೆ ಅವಳು ಯಾರನ್ನೂ ನೋಡಲಿಲ್ಲ. ಅಳುತ್ತಾ ಉಂಡಳು, ಬೈಯುತ್ತಾ ಉಂಡಳು, ದಾರಿಹೋಕರ ಹಾಗೆ ಸೊರ್ ಎಂದು ಸಾರು ಹೀರಿದಳು. ನಡುವೆ ಒಡೆಯ ಮತ್ತೆ ಅನ್ನದ ಪಾತ್ರೆ ತಂದಾಗ ಅವಳ ಎಡಗೈ ತಾನಾಗಿಯೇ ಎಲೆಗೆ ಅಡ್ಡ ಬಂತು. "ಸಾಕು ಸಾಕು," ಎಂದಿತು ಬಾಯಿ. ಒಡೆಯ ಪಾತ್ರೆ ಎತ್ತಿಕೊಂಡೇ ಕಾದ. ಅವಳು ತನ್ನ ಕೈಯನ್ನು ತಾನೇ ಸಿಟ್ಟಿನಿಂದ ನೋಡಿ, ಪಕ್ಕಕ್ಕೆ ತೆಗೆದಳು.

"ಇನ್ನೂ ಬೇಕು," ಎಂದಳು.

ಅವನು ಬಡಿಸಿದ. ನಿಜವಾಗಿ ಸಾಕಾದಾಗ ಅವಳು ಸಾಕು ಎಂದಳು. ಬದುಕಿನಲ್ಲಿ ಆ ಮಾತು ಅವಳ ಬಾಯಲ್ಲಿ ಸುಳ್ಳಾಗದೆ ಬಂದದ್ದು ಅದೇ ಮೊದಲು.

ಮಗಳು ಉಂಡು ಕಂಬಕ್ಕೆ ಒರಗಿ ಕೂಸನ್ನು ಎದೆಗೆ ಹಚ್ಚಿಕೊಂಡಿದ್ದಳು. ಕೂಸಿಗೆ ತುಟಿ ಬಿಡಿಸಲೂ ಶಕ್ತಿಯಿರಲಿಲ್ಲ. ಮಗಳು ಹಿಂಡಿ ಒಂದು ಹನಿ ತುಟಿಗೆ ಸವರಿದಳು. ಇನ್ನೊಂದು ಹನಿ. ಮತ್ತೊಂದು. ಉತ್ತರದಮ್ಮ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಬಹಳ ಹೊತ್ತಾದ ಮೇಲೆ ಕೂಸಿನ ಗಂಟಲು ಗುಟುಕ್ ಎಂದಿತು. ಇನ್ನೊಂದು ಗುಟುಕಾಯಿತು, ಮತ್ತೂ ಒಂದಾಯಿತು. ಆಮೇಲೆ ಎದೆ ಕೊಂಚ ತಪ್ಪಿದ್ದೇ ತಡ, ಕೂಸು ಕೆಂಪಗಾಗಿ, ಬಾಯಿ ಅಗಲಿಸಿ, ದಿಣ್ಣೆ ಹಾರಿಹೋಗುವ ಹಾಗೆ ಕಿರುಚಿತು.

"ಅಳು ನನ್ನವ್ವ, ಅಳು," ಎಂದು ಉತ್ತರದಮ್ಮ ನಕ್ಕುಬಿಟ್ಟಳು. "ಇನ್ನೂ ಜೋರಾಗಿ ಅಳು. ಊರಿಗೆ ಕೇಳಿಸಲಿ."

ಹೊರಡುವಾಗ ಅವಳು ಒಂದು ರೊಟ್ಟಿಯನ್ನು ಯಾರಿಗೂ ಕಾಣದಂತೆ ಸೆರಗಿನಲ್ಲಿ ಕಟ್ಟಿಕೊಂಡಳು. ಒಡೆಯ ಎಲೆ ಎತ್ತುತ್ತಿದ್ದವನು ತಲೆಯೆತ್ತಿ ನೋಡಿದ.

"ಅದು ಯಾಕೆ?"

"ನಾಳೆಗೆ."

"ನಾಳೆ ಗಂಟೆ ಬಾರಿಸಲ್ವ?"

"ಬಾರಿಸುತ್ತೆ. ಆದ್ರೆ ನಾಳೆ ಮತ್ತೆ ಎಲ್ಲರ ಮುಂದೆ ಹೀಗೇ ಬಾಯಿ ಬಿಡಬೇಕಾ? ಇವತ್ತು ಹೇಳಿದ್ದು ಸಾಲದಾ?"

"ಸಾಲದು."

"ನಾಳಿದ್ದು?"

"ನಾಳಿದ್ದೂ."

"ಆಮೇಲೆ?"

"ನಾನು ಒಲೆ ಆರಿಸೋದಿಲ್ಲ," ಎಂದ ಒಡೆಯ. "ನೀನು ಹಸಿದು ಬಾ. ಅಷ್ಟೇ."

ಉತ್ತರದಮ್ಮ ಸೆರಗು ಬಿಚ್ಚಿ ರೊಟ್ಟಿಯನ್ನು ತೆಗೆದು ತಡಿಕೆಯ ಹಿಂದಿನ ದಾರಿಹೋಕನೊಬ್ಬನ ಎಲೆಗೆ ಹಾಕಿದಳು. "ನಿನ್ನ ಜೊತೆ ಏಗೋದು ಬಹಳ ಕಷ್ಟ ಕಣಪ್ಪ," ಎಂದಳು ಒಡೆಯನ ಕಡೆ ತಿರುಗಿ.

"ಹೌದು," ಎಂದ ಅವನು.

ಮಾರನೆಯ ದಿನ ಬೆಳಗ್ಗೆ ಅವಳು ಹೊಟ್ಟು ತರಲು ಹೋಗಲಿಲ್ಲ, ಬಟ್ಟೆ ತೋಯಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಸಿವು ಬಂತು. ಎಂಥ ಹಸಿವು! ಹಿಂದಿನ ದಿನ ಉಂಡದ್ದರಿಂದ ಅದು ಕಮ್ಮಿಯಾಗಿರಬೇಕೆಂದು ಅವಳು ತಿಳಿದಿದ್ದಳು, ಅದು ಹೆಚ್ಚಾಗಿತ್ತು. ಹಸಿವು ಈಗ ಹೊಟ್ಟೆಯ ತುಂಬ ಓಡಾಡುತ್ತಿತ್ತು, ಮುಚ್ಚುಮರೆಯಿಲ್ಲದೆ. ಅವಳು ಅದನ್ನೂ ಬೈದಳು. ಬೈಯುತ್ತಾ ಸಂಜೆಯವರೆಗೆ ಇದ್ದಳು. ಗಂಟೆ ಬಾರಿಸಿತು.

ಮೊದಲ ಎಲೆಯಲ್ಲಿ ಹಿರಿಯ ಕೂತಿದ್ದ. ಉತ್ತರದಮ್ಮನಿಗೂ ಮಗಳಿಗೂ ತಡಿಕೆಯ ಹಿಂದೆ ಜಾಗ ಎಂದು ಊರು ತೀರ್ಮಾನಿಸಿತ್ತು. ಅವಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಮಗಳನ್ನೂ ಕೂಸನ್ನೂ ಕರೆದುಕೊಂಡು ಪಂಕ್ತಿಯ ನಡುವೆ, ನೆರೆಮನೆಯಾಕೆಯ ಪಕ್ಕದಲ್ಲಿ ಹೋಗಿ ಕೂತಳು. ನೆರೆಮನೆಯಾಕೆ ಒಂದಿಷ್ಟು ಅತ್ತ ಸರಿದಳು, ಎದ್ದು ಹೋಗಲಿಲ್ಲ.

"ಊಟ ಆಯಿತೆ?"

"ಆಯಿತು ಒಡೆಯಾ, ನಿನ್ನ ದಯೆ," ಎಂದು ಹಿರಿಯ ಎತ್ತಿಕೊಟ್ಟ. ಊರು ದನಿಗೂಡಿಸಿತು.

ಉತ್ತರದಮ್ಮನ ಬಾಯಿಗೂ ಅದೇ ಮಾತು ಬಂತು. ಈ ಸಲ ಅಂಜಿಕೆಯಿಂದಲ್ಲ, ಸುಳ್ಳು ಹೇಳಲೆಂದೂ ಅಲ್ಲ. ನಿನ್ನೆಯ ಸಾರಿನ ರುಚಿ ನೆನಪಾಗಿ, ಕೃತಜ್ಞತೆಯಿಂದ ಬಂತು. ಅಜ್ಜಿಯ ಅಜ್ಜಿಗೆ ಹೇಗೆ ಬಂದಿತ್ತೆಂದು ಅವಳಿಗೆ ಆ ಕ್ಷಣ ತಿಳಿಯಿತು.

"ನಿನ್ನೆಯದು ಆಯಿತು ಒಡೆಯಾ," ಎಂದಳು. "ಇವತ್ತಿನದು ಇನ್ನೂ ಆಗಿಲ್ಲ."

ಒಡೆಯ ಬಂದು ಅವಳ ಮುಂದೆ ಮಂಡಿಯೂರಿದ. ರೊಟ್ಟಿ ಹಾಕಿದ, ತುಪ್ಪ ಬಿಟ್ಟ. ಸುತ್ತ ಎಲೆಗಳು ಮಡಿಚಿಕೊಳ್ಳುತ್ತಿದ್ದವು. ನೆರೆಮನೆಯಾಕೆಯೂ ತನ್ನ ಎಲೆಯ ತುದಿ ಹಿಡಿದಿದ್ದಳು, ಮಡಿಚಿರಲಿಲ್ಲ. ಅವಳ ಕಣ್ಣು ಉತ್ತರದಮ್ಮನ ಎಲೆಯ ಮೇಲಿತ್ತು. ಕೊನೆಗೆ ತಡೆಯಲಾರದೆ, ತುಟಿ ಅಲುಗಿಸದೆ ಪಿಸುಗುಟ್ಟಿದಳು:

"ಏನಮ್ಮ, ಹೇಗಿದೆ?"

ಉತ್ತರದಮ್ಮನಿಗೆ ರೇಗಿಹೋಯಿತು. ಬಾಯಲ್ಲಿದ್ದ ತುತ್ತನ್ನು ನುಂಗಿ, ಪಡಸಾಲೆಗೆಲ್ಲ ಕೇಳಿಸುವ ಹಾಗೆ ಹೇಳಿದಳು:

"ನಾನು ಹೇಳಿದ್ರೆ ನಿನ್ನ ಹೊಟ್ಟೆ ತುಂಬುತ್ತೇನೇ? ಪಾತ್ರೆ ಹಿಡ್ಕೊಂಡು ಕೇಳ್ತಾ ಕೂತಿದ್ದಾನಲ್ಲ, ಅವನಿಗೆ ಹೇಳು!"